ಯುದ್ಧ ನಿಂತ ಮೇಲೆ ದಾಕ್ಷಾಯಣಿ

೧೯೫೬ರ ಸೂಯೆಜ್ ಯುದ್ಧ ನಿಂತದ್ದು ಸತ್ತವರ ಮೇಲಿನ ಕನಿಕರದಿಂದಲ್ಲ. ಇಂಗ್ಲೆಂಡಿನ ಪೌಂಡು ಕುಸಿಯಿತು, ಯುದ್ಧ ಬಿಡದಿದ್ದರೆ ಬಿಡಿಗಾಸೂ ಇಲ್ಲವೆಂದು ಅಮೆರಿಕ ಹೇಳಿತು, ಫಿರಂಗಿಗಳು ಸುಮ್ಮನಾದವು. ಕಾಲುವೆ ಯಾರದೆಂದು ಜಗಳ ಶುರುವಾಗಿತ್ತು; ಜಗಳ ನಿಂತಾಗ ಕಾಲುವೆಯೇ ಮುಚ್ಚಿಹೋಗಿತ್ತು. ದಾರಿ ಕಟ್ಟಲು ಈಜಿಪ್ಟಿನವರು ಅಲ್ಲಿ ಮುಳುಗಿಸಿದ ಹಡಗುಗಳ ನಡುವೆ ಸಿಕ್ಕಿಬಿದ್ದ ಒಂದು ಸರಕು ಹಡಗಿನಲ್ಲಿ ಕಾಸರಗೋಡಿನ ಕಮಲಾಕ್ಷ ವೈರ್‌ಲೆಸ್ ಆಪರೇಟರ್.

ಅವನ ಹೆಂಡತಿ ದಾಕ್ಷಾಯಣಿ ಎರ್ನಾಕುಲಂನ ಬಾಡಿಗೆ ಮನೆಯಲ್ಲಿ ಏಳು ತಿಂಗಳ ಚೊಚ್ಚಲ ಬಸುರಿ. ಹೆರಿಗೆಗೆ ಮೊದಲು ಗಂಡ ಬರಬೇಕು ಎಂಬುದೊಂದೇ ಅವಳ ಆಸೆ. ತಿರುವನಂತಪುರದ ಸರಕಾರಿ ಕಚೇರಿಯಲ್ಲಿದ್ದ ಅವಳ ಅಣ್ಣ ಉಪೇಂದ್ರ ರೇಡಿಯೋ ನಂಬುವ ಮನುಷ್ಯ. ಕದನವಿರಾಮ ಎಂದು ಕೇಳಿದ್ದೇ ತಡ, ನವೆಂಬರ್ ಕೊನೆಗೆ ಸೀಮಂತದ ಮುಹೂರ್ತ ಇಡಿಸಿ ತಂಗಿಯನ್ನು ತನ್ನ ಮನೆಗೆ ಕರೆಸಿಕೊಂಡ. ಯುದ್ಧ ನಿಂತಿತಲ್ಲ, ಭಾವ ಬರದೆ ಎಲ್ಲಿಗೆ ಹೋಗುತ್ತಾನೆ?

ಭಾವ ಬರಲಿಲ್ಲ. ಸೀಮಂತದ ದಿನ ಗಂಡ ಕೂರಬೇಕಾದ ಮಣೆ ಖಾಲಿ. ಊಟಕ್ಕೆ ಬಂದಿದ್ದ ಬ್ಯಾಂಕಿನ ಯಜ್ಞನಾರಾಯಣರಾಯರು, ಮೈಸೂರಿನವರು, ಜಗಲಿಯಲ್ಲಿ ಕೂತು ಜಗತ್ತನ್ನು ಸರಿಮಾಡುತ್ತಿದ್ದರು.

“ಶಾಂತಿ ಗೆದ್ದುಬಿಡ್ತು ಕಣ್ರೀ ಉಪೇಂದ್ರ!”

“ರಾಯರೇ, ಆ ಕಾಲುವೆ ಬಿಡಿಸುವುದು ಯಾವಾಗ?” ದಾಕ್ಷಾಯಣಿ ಬಾಗಿಲಲ್ಲಿ ನಿಂತು ಕೇಳಿದಳು.

“ಅದೇನು ಚರಂಡಿಯೇನಮ್ಮಾ, ಮುನಿಸಿಪಾಲಿಟಿಯವರು ಬಂದು ಹೂಳು ಎತ್ತೋದಕ್ಕೆ? ಸೈನ್ಯ ತೊಲಗೋವರೆಗೆ ಕಾಲುವೆ ಮುಟ್ಟಬೇಡಿ ಅಂತಾರೆ ಈಜಿಪ್ಟಿನೋರು. ವಿಶ್ವಸಂಸ್ಥೆ ಪಡೆ ಸರಿಯಾಗಿ ಬಂದಿಳಿಯೋವರೆಗೆ ನಾವು ಏಳಲ್ಲ ಅಂತಾರೆ ಇಂಗ್ಲಿಷರು. ಮರ್ಯಾದೆ ಪ್ರಶ್ನೆ!”

“ಯಾರ ಮರ್ಯಾದೆ?”

ರಾಯರು ಕಾಫಿ ಲೋಟ ಎತ್ತಿದರು.

ಮುಹೂರ್ತ ಮೀರುತ್ತಿತ್ತು. ಉಪೇಂದ್ರ ಪುರೋಹಿತ ಗಣಪತಿ ಭಟ್ಟರ ಕಿವಿಯಲ್ಲಿ ಏನೋ ಊದಿದ. ಭಟ್ಟರು ತಲೆಯಾಡಿಸಿದರು. ಕಮಲಾಕ್ಷನಿಗೆಂದು ದಾಕ್ಷಾಯಣಿ ತಂದಿದ್ದ ಶಲ್ಯವನ್ನು ಅಣ್ಣ ಮಡಚಿ ಮಣೆಯ ಮೇಲಿಟ್ಟ.

“ಕೂತುಕೋ ದಾಕ್ಷು. ಜನ ಎಲ್ಲ ಬಂದಾಯಿತು.”

“ನಾನು ಶಲ್ಯವನ್ನು ಮದುವೆಯಾದದ್ದಾ ಅಣ್ಣ?”

“ಹಟ ಮಾಡಬೇಡ ಮಾರಾಯ್ತಿ. ಅಷ್ಟು ದೊಡ್ಡ ಯುದ್ಧವೇ ನಿಂತಿದೆ!”

“ಅವರಿಗೆ ನಿಂತಿದೆ. ನನಗೆಂತ ನಿಂತದ್ದು?”

ಶಲ್ಯವನ್ನು ಎತ್ತಿಕೊಂಡು ಅವಳು ಒಳಗೆ ಹೋದಳು. ಜನ ಉಂಡರು, ಹೋಳಿಗೆ ಚೆನ್ನಾಗಿದೆ ಎಂದರು. ಸೀಮಂತ ಆಗಲಿಲ್ಲ.

ಜನವರಿಯಲ್ಲಿ ಹೆಣ್ಣುಮಗು. ಕಾಲುವೆ ಪೂರ್ತಿ ತೆರೆದದ್ದು ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಕೊಚ್ಚಿ ಬಂದರಿನಲ್ಲಿ ಇಳಿದ ಕಮಲಾಕ್ಷ ಕೈಚಾಚಿದರೆ ಮಗು ಕಿರುಚಿ ತಾಯಿಯ ಕುತ್ತಿಗೆಗೆ ಜೋತುಬಿತ್ತು. ಆ ಸಂಧಾನಕ್ಕೆ ಯಾವ ರಾಷ್ಟ್ರದ ಪ್ರತಿನಿಧಿಯೂ ಬರಲಿಲ್ಲ.

ಓದುಗರೇ, ಮುಂದಿನ ಕದನವಿರಾಮಕ್ಕೆ ನಿಮ್ಮೂರಿನಲ್ಲಿ ಸಂತೋಷದ ಸಭೆ ಕರೆದರೆ ಹೋಗಿ. ಚಪ್ಪಾಳೆ ತಟ್ಟುವ ಮೊದಲು ಎದ್ದು ನಿಂತು ಕೇಳಿ: ಸಿಕ್ಕಿಬಿದ್ದವರು ಮನೆಗೆ ಬರುವುದು ಯಾವತ್ತು? ವೇದಿಕೆಯಿಂದ ಉತ್ತರ ಬರುವವರೆಗೆ ಕೂರಬೇಡಿ.