ಸುಣ್ಣ ತೊಳೆದ ಗಡಿಗೆ

ಇದನ್ನು ಹೇಳಿಬಿಡಬೇಕು ಎಂದು ಪ್ರತಿ ದೀಪಾವಳಿಗೂ ಅಂದುಕೊಳ್ಳುತ್ತೇನೆ. ಹಬ್ಬದ ಹೊತ್ತಿನಲ್ಲಿ ಯಾಕೆ, ಹಬ್ಬ ಕಳೆಯಲಿ ಎಂದು ಬಿಡುತ್ತೇನೆ. ಹಬ್ಬ ಕಳೆದ ಮೇಲೆ, ಕಳೆದುಹೋದದ್ದನ್ನು ಈಗ ಯಾಕೆ ಕೆದಕುವುದು ಅನ್ನಿಸುತ್ತದೆ. ಹೀಗೆ ಮಾಡುತ್ತಲೇ ಮುದುಕನಾದೆ. ಒಂದು ಮಣ್ಣಿನ ಗಡಿಗೆಯ ವಿಷಯದಲ್ಲಿ ಒಂದು ಸುಳ್ಳು ಹೇಳಿದ್ದೆ, ಅಷ್ಟೆ. ಈ 'ಅಷ್ಟೆ' ಎಂಬ ಮಾತನ್ನು ಹೇಳಿಕೊಂಡೇ ಇಷ್ಟು ವರ್ಷ ತಳ್ಳಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮದೊಂದು ಬಾಡಿಗೆ ಮನೆ. ಅಪ್ಪ ಹತ್ತಿ ಗಿರಣಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ನಾನು ಹೈಸ್ಕೂಲು ಮುಗಿಸಿ ಅದೇ ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಆ ಬೇಸಿಗೆಯಲ್ಲಿ ನನ್ನ ಮದುವೆಯೂ ಆಗಿತ್ತು. ಅಕ್ಕನನ್ನು ಮೊದಲೇ ಹರಿಹರಕ್ಕೆ ಕೊಟ್ಟಿದ್ದೆವು. ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುತ್ತಿದ್ದರು. ಕೆಲಸದಲ್ಲಿ ಕೈ ಚೊಕ್ಕ, ಮಾತು ಮೃದು. ಆದರೆ ಕುಡಿಯುತ್ತಿದ್ದರು. ಪಾನನಿರೋಧದ ಕಾಲವಾದ್ದರಿಂದ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಹೊಳೆಯ ದಂಡೆಯ ಮರೆಯಲ್ಲಿ ಕಳ್ಳಬಟ್ಟಿ ಸಿಗುತ್ತಿತ್ತು. ಮುಂಗಾರು ಶುರುವಾಗುವ ಹೊತ್ತಿಗೆ ಅಕ್ಕ ಟ್ರಂಕು ಹಿಡಿದುಕೊಂಡು ತವರಿಗೆ ಬಂದುಬಿಟ್ಟಳು.

ಭಾವ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಅವರನ್ನು ಒಳಗೆ ಕರೆಯಲಿಲ್ಲ.

"ದೀಪಾವಳಿ ತನಕ ಮುಟ್ಟದೆ ಇರ್ರಿ. ಹಬ್ಬದ ದಿನ ಬರ್ರಿ, ನಮ್ಮ ಜೊತೆ ಕುಂತು ಉಣ್ರಿ, ನಿಮ್ಮ ಹೆಂಡ್ತೀನ ಕರ್ಕಂಡು ಹೋಗ್ರಿ. ಅವತ್ತು ನಿಮ್ಮ ಮೈಯಾಗೆ ವಾಸ್ನೆ ಬಂತು ಅಂದ್ರೆ ನನ್ನ ಮಗಳು ಇಲ್ಲೇ ಇರ್ತಾಳೆ. ಆಮೇಲೆ ನನ್ನ ಹೊಸ್ತಿಲು ತುಳೀಬ್ಯಾಡ್ರಿ" ಎಂದ.

ಭಾವ ತಲೆ ಆಡಿಸಿ ಹೊರಟುಹೋದರು. ಆ ತಿಂಗಳುಗಳಲ್ಲಿ ಹರಿಹರದಿಂದ ಬಂದವರನ್ನೆಲ್ಲ ಅಮ್ಮ ವಿಚಾರಿಸುತ್ತಿದ್ದಳು. ಮುಟ್ಟಿಲ್ಲವಂತೆ, ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ಒಬ್ಬರೇ ಕೂತಿರುತ್ತಾರಂತೆ ಎಂದು ಕೇಳಿಬರುತ್ತಿತ್ತು. ಅಕ್ಕ ಅದನ್ನು ಕೇಳಿಯೂ ಕೇಳದವಳಂತೆ ಅಕ್ಕಿ ಆರಿಸುತ್ತಿದ್ದಳು.

ಹಬ್ಬ ಹತ್ತಿರ ಬಂತು. ಊಟಕ್ಕೆ ಹೋಳಿಗೆ ಎಂದು ಅಮ್ಮ ತೀರ್ಮಾನಿಸಿದ್ದಳು. ಬಂದವರಿಗೆ ಮೊದಲು ಕೈಗೆ ಕೊಡುವುದು ಬೆಲ್ಲದ ಪಾನಕ, ಅದು ನಮ್ಮಲ್ಲಿ ವಾಡಿಕೆ. ನನಗೆ ಅದು ಸಪ್ಪೆ ಎನ್ನಿಸಿತು. ಆಗ ನೀರಾದ ಪ್ರಚಾರ ಜೋರಾಗಿತ್ತು. ಈಚಲ ಮರದಿಂದ ನಸುಕಿಗೆ ಮುಂಚೆ ಇಳಿಸಿದ ಸಿಹಿ ನೀರು, ಅಮಲಿಲ್ಲ, ಹಾಲಿನಷ್ಟು ಒಳ್ಳೆಯದು ಎಂದು ಹೇಳುತ್ತಿದ್ದರು. ಕಚೇರಿಯ ಗೆಳೆಯರ ಜೊತೆ ಒಮ್ಮೆ ಕುಡಿದೂ ಇದ್ದೆ. ಕುಡಿತ ಬಿಟ್ಟವರಿಗೆ ಅದೇ ಮರದ ಸಿಹಿಯನ್ನು ಕೊಡುವುದು ದೊಡ್ಡ ಮರ್ಯಾದೆ ಎಂದು ನನ್ನ ಓದಿದ ತಲೆಗೆ ಹೊಳೆಯಿತು.

"ಈಚಲ ಮರದ್ದು ಮನೆಗೆ ತರಬ್ಯಾಡಪ್ಪ" ಎಂದಳು ಅಮ್ಮ. "ಪಾನಕಕ್ಕೆ ಏನಾಗೈತೆ?"

"ಪಾನಕ ಎಲ್ಲಾರ ಮನೇಲೂ ಇರ್ತೈತೆ. ಇದು ಬ್ಯಾರೆ."

"ಬ್ಯಾರೆ ಅಂತಾನೆ ನಾನು ಹೇಳ್ತಿರೋದು."

ನಾನು ಕೇಳಲಿಲ್ಲ. ಅಪ್ಪನಿಗೆ ಹೇಳಲೇ ಇಲ್ಲ, ಆಶ್ಚರ್ಯವಾಗಲಿ ಎಂದು. ಸೈಕಲ್ ಹತ್ತಿ ಆನಗೋಡಿನ ದಾರಿಯಲ್ಲಿ ಊರಾಚೆಯ ಈಚಲ ತೋಪಿಗೆ ಹೋದೆ. ನೀರಾ ಇಳಿಸುವ ಮುದುಕ ಗುಡಿಸಲ ಮುಂದೆ ಕೂತಿದ್ದ.

"ಹಬ್ಬದ ದಿನ ನಸುಕಿಗೆ ಬರ್ರಿ. ನಿಮ್ಮ ಗಡಿಗಿ ಒಳಗೆ ಸುಣ್ಣ ಬಳದು ಒಣಗ್ಸಿ ತರ್ರಿ ಮತ್ತೆ. ಸುಣ್ಣ ಇದ್ರೆ ದೀಪ ಹಚ್ಚೋ ತನಕ ಸಿಹಿ ಇರ್ತೈತೆ. ಇಲ್ಲಾಂದ್ರೆ ಮಧ್ಯಾಹ್ನಕ್ಕೇ ಉಕ್ಕಿ ಹೆಂಡ ಆಗ್ತೈತೆ" ಎಂದ.

ಮನೆಗೆ ಬಂದು ಗಡಿಗೆಯ ಒಳಗೆ ದಪ್ಪಗೆ ಸುಣ್ಣ ಬಳಿದು ಹಿತ್ತಲಲ್ಲಿ ಬೋರಲು ಹಾಕಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಮರುದಿನ ಸಂಜೆ ನೀರು ತುಂಬುವ ಹಬ್ಬ. ಅವತ್ತು ಮನೆಯ ಹಂಡೆ, ಕೊಡ, ಗಡಿಗೆ, ತಂಬಿಗೆ ಎಲ್ಲವನ್ನೂ ಹಿತ್ತಲಿಗೆ ತಂದು, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ನನ್ನ ಹೆಂಡತಿಗೆ ನಮ್ಮ ಮನೆಯಲ್ಲಿ ಅದು ಮೊದಲ ದೀಪಾವಳಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ರಾಶಿ ಪಾತ್ರೆಯ ನಡುವೆ ಕೂತಿದ್ದಳು. ನಾನು ಏಣಿಯ ಮೇಲೆ ನಿಂತು ಆಕಾಶಬುಟ್ಟಿ ಕಟ್ಟುತ್ತಿದ್ದೆ. ದಾರ ಗಂಟಾಗಿ ಸಿಟ್ಟು ಬಂದಿತ್ತು.

ಅವಳು ಹಿತ್ತಲಿಂದ ಆ ಗಡಿಗೆ ಹಿಡಿದುಕೊಂಡೇ ಬಂದು ಏಣಿಯ ಕೆಳಗೆ ನಿಂತಳು.

"ಏನ್ರಿ, ಇದರ ಒಳಗೆ ಸುಣ್ಣ ಐತೆ. ಬೇಕಂತ ಬಳದೀರೋ ಹೆಂಗೆ? ತೊಳೀಲೋ ಬ್ಯಾಡೋ?"

"ತೊಳಿ, ತೊಳಿ. ಎಲ್ಲಾ ತೊಳೀಬೇಕಂತಲ್ಲ ಇವತ್ತು. ಒಂದೊಂದಕ್ಕೂ ಬಂದು ಕೇಳ್ತೀಯಲ್ಲ" ಎಂದೆ. ಕೆಳಗೆ ನೋಡಲೂ ಇಲ್ಲ.

ಹಬ್ಬದ ದಿನ ಇನ್ನೂ ಕತ್ತಲಿರುವಾಗ ಗಡಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತೋಪಿಗೆ ಹೋದೆ. ಕಟ್ಟು ಬಿಚ್ಚಿ ಕೈಯಾಡಿಸಿದಾಗ ಒಳಗೆಲ್ಲ ನುಣ್ಣಗಿತ್ತು. ಏಣಿಯ ಕೆಳಗಿನ ಮಾತು ಆಗ ನೆನಪಾಯಿತು. ಮುದುಕ ಲಾಟೀನು ಎತ್ತಿಕೊಂಡು, "ಸುಣ್ಣ ಬಳದೀರೇನ್ರಿ?" ಎಂದ. "ಹೂಂ" ಎಂದೆ. ಬರಿಗೈಯಲ್ಲಿ ಹೋಗಿ ಅಮ್ಮನ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ಒದ್ದೆ ಮರಳಿನಲ್ಲಿ ಇಟ್ಟರೆ ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ.

ನೀರಾ ತುಂಬಿಸಿ ಮನೆಗೆ ತಂದು ಅಡಿಗೆಮನೆಯ ಮೂಲೆಯಲ್ಲಿ ಒದ್ದೆ ಮರಳಿನಲ್ಲಿಯೇ ಇಟ್ಟೆ, ಬಾಯಿಗೆ ಬಟ್ಟೆ ಬಿಗಿದೆ. ಅದನ್ನು ಬಿಚ್ಚಿ ನೋಡುವ ಧೈರ್ಯ ಇಡೀ ದಿನ ಆಗಲಿಲ್ಲ.

ಸಂಜೆಯ ರೈಲಿಗೆ ಭಾವ ಬಂದರು. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಹೂವಿನ ಪೊಟ್ಟಣ. ಸ್ವಲ್ಪ ಇಳಿದುಹೋಗಿದ್ದರು. ಅಪ್ಪ ಅವರನ್ನು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂರಿಸಿ, ತಾನು ಎದುರಿಗೆ ಕೂತ. ಇಬ್ಬರೂ ಮಳೆಯ ಮಾತು ಆಡಿದರು. ಅಪ್ಪ ನಡುನಡುವೆ ಮೂಗಿನಲ್ಲಿ ಉಸಿರೆಳೆಯುತ್ತಿದ್ದುದು ನನಗೆ ಕಾಣುತ್ತಿತ್ತು. ನಡುಮನೆಯ ಬಾಗಿಲ ಹಿಂದೆ ಅಕ್ಕನ ಟ್ರಂಕು ಕಟ್ಟಿ ಸಿದ್ಧವಾಗಿತ್ತು.

"ಕುಡಿಯಾಕೆ ತರ್ರವ್ವಾ" ಎಂದು ಅಪ್ಪ ಕೂಗಿದ.

ಅಡಿಗೆಮನೆಯಲ್ಲಿ ನನ್ನ ಹೆಂಡತಿ, ನಾನು ಹೇಳಿಟ್ಟಿದ್ದಂತೆ, ಗಡಿಗೆಯ ಬಟ್ಟೆ ಬಿಚ್ಚಿದಳು. ಬುಸ್ ಎಂದು ನೊರೆ ಎದ್ದು ಅಂಚಿನಿಂದ ಇಳಿಯಿತು. ಅವಳು ಹೆದರಿ ಹಿಂದೆ ಸರಿದಳು. ಹುಳಿ ವಾಸನೆ ಮನೆಯೆಲ್ಲ ಹಬ್ಬಲು ಹೊತ್ತು ಹಿಡಿಯಲಿಲ್ಲ.

ಪಡಸಾಲೆಯಲ್ಲಿ ಅಪ್ಪ ಎದ್ದು ನಿಂತ.

"ಹಬ್ಬದ ದಿನಾನೂ ಕುಡ್ಕಂಡು ಬಂದ್ರೇನ್ರಿ? ಇವತ್ತೊಂದಿನ ತಡ್ಕಳಕ್ಕೆ ಆಗ್ಲಿಲ್ವಾ?"

ಅಕ್ಕ ಟ್ರಂಕಿನ ಮೇಲೆ ಕುಸಿದು ಕೂತಳು. ನಾನು ಅಡಿಗೆಮನೆಯ ಬಾಗಿಲಲ್ಲೇ ಇದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಭಾವ ಕೂತಲ್ಲಿಂದ ನಿಧಾನವಾಗಿ ಎದ್ದರು. "ಮಾವಾರೆ, ಹತ್ರ ಬರ್ರಿ. ನನ್ನ ಬಾಯಿ ಮೂಸಿ ನೋಡ್ರಿ. ಈ ವಾಸ್ನೆ ನನಗಿಂತ ಚೆನ್ನಾಗಿ ಈ ಮನೇಲಿ ಯಾರಿಗೂ ಗೊತ್ತಿಲ್ಲ. ಇದು ಒಳಗಿಂದ ಬರ್ತೈತೆ" ಎಂದರು.

ಅವರೇ ಅಡಿಗೆಮನೆಗೆ ನಡೆದು ಬಂದರು. ಗಡಿಗೆಯನ್ನು ಕಂಡು ಅರೆಕ್ಷಣ ನಿಂತರು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಗಡಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಪೂರ್ತಿ ಚರಂಡಿಗೆ ಸುರಿದರು. ಹಂಡೆಯ ನೀರಿನಿಂದ ಮೊಣಕೈವರೆಗೆ ತೊಳೆದುಕೊಂಡರು. ಅಪ್ಪ ಹಿಂದೆಯೇ ಬಂದು ಎಲ್ಲವನ್ನೂ ನೋಡುತ್ತಾ ನಿಂತಿದ್ದ. ಅವನ ಭುಜ ಇಳಿಯಿತು.

ಅಪ್ಪ ನನ್ನ ಕಡೆ ತಿರುಗಿದ. "ಯಾರು ತಂದಿದ್ದು ಇದನ್ನ?"

"ಸಿಹಿ ನೀರಾ ತಂದಿದ್ದೆ ಕಣಪ್ಪ, ಅಮಲಿಲ್ಲದ್ದು. ಕೆಡಬಾರ್ದು ಅಂತ ಗಡಿಗಿಗೆ ಸುಣ್ಣ ಬಳದಿದ್ದೆ. ಇವಳು ನನ್ನನ್ನ ಒಂದು ಮಾತೂ ಕೇಳದೆ ತೊಳದುಬಿಟ್ಟಾಳೆ."

ಅವಳು ಸೌಟು ಹಿಡಿದು ಒಲೆಯ ಪಕ್ಕ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ತಲೆ ಬಗ್ಗಿಸಿ, "ಹೌದ್ರಿ ಮಾವಾರೆ, ನಾನೇ ತೊಳದೆ" ಎಂದಳು.

ಅಪ್ಪ ನಗತೊಡಗಿದ. ಅಷ್ಟು ತಿಂಗಳು ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಆ ನಗೆಯಲ್ಲಿ ಬಿಟ್ಟುಕೊಂಡಿತು. "ಹುಚ್ಚುಡುಗಿ! ಗಡಿಗಿ ತೊಳದು ನನ್ನ ಮನೇನ ಹೆಂಡದಂಗಡಿ ಮಾಡಿದ್ಯಲ್ಲೇ!" ಅಮ್ಮ ನಕ್ಕಳು, ಭಾವ ನಕ್ಕರು. ಟ್ರಂಕಿನ ಮೇಲೆ ಕೂತಿದ್ದ ಅಕ್ಕ ಅಳುತ್ತಲೇ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಬದುಕಿದೆ ಎನ್ನಿಸಿತ್ತು.

ನಾವು ನಗುತ್ತಿರುವಾಗಲೇ ಒಳಗೆ ಬೆಲ್ಲ ಕುಟ್ಟುವ ಸದ್ದು ಕೇಳಿತು. ಯಾರೂ ಹೇಳದೆಯೇ ಅವಳು ಪಾನಕ ಮಾಡುತ್ತಿದ್ದಳು. ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ, ಚಿಟಿಕೆ ಮೆಣಸಿನ ಪುಡಿ. ಹಬ್ಬಕ್ಕೆ ತುಂಬಿದ್ದ ಹೊಸ ನೀರಿನಲ್ಲೇ ಕದಡಿ, ತಿಕ್ಕಿ ಹೊಳೆಯುತ್ತಿದ್ದ ಹಿತ್ತಾಳೆ ಲೋಟಗಳಲ್ಲಿ ತಂದಳು. ಮೊದಲ ಲೋಟವನ್ನು ಅಪ್ಪ ತಾನೇ ತೆಗೆದು ಭಾವನ ಕೈಗೆ ಕೊಟ್ಟ.

ಭಾವ ಎತ್ತಿ ಗಟಗಟನೆ ಕುಡಿದು ಲೋಟ ಮುಂದೆ ಚಾಚಿದರು. "ಇನ್ನೊಂದು ಹಾಕ್ರಿ ತಂಗೆಮ್ಮ. ಇದು ಬಿಡೋದು ಕಷ್ಟ ಐತೆ."

ಬಾಗಿಲ ಹಿಂದಿನಿಂದ ಅಕ್ಕ, "ಇದನ್ನ ದಿನಾ ಕುಡೀರಿ, ನಾನೇ ಮಾಡಿ ಹಾಕ್ತೀನಿ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ಗಂಡನ ಜೊತೆ ಆಡಿದ ಮೊದಲ ಮಾತು ಅದು. ಹೋಳಿಗೆ ಊಟ ಮುಗಿಯುವ ಹೊತ್ತಿಗೆ ಆಕಾಶಬುಟ್ಟಿಯೊಳಗಿನ ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದ್ದೆ. ಮಾರನೆಯ ದಿನ ಹರಿಹರದ ರೈಲಿಗೆ ಅವರಿಬ್ಬರನ್ನೂ ಹತ್ತಿಸಿ ಬಂದೆ.

ಭಾವ ಮತ್ತೆ ಮುಟ್ಟಲಿಲ್ಲ. ಎಲ್ಲ ಒಳ್ಳೆಯದಾಯಿತು. ಆ ಒಳ್ಳೆಯದರ ಮರೆಯಲ್ಲಿ ನಾನು ಅವಿತುಕೊಂಡೆ. ಯಾರಿಗೂ ಕೇಡಾಗದ ಮೇಲೆ ಕ್ಷಮೆ ಯಾತಕ್ಕೆ ಎಂದುಕೊಂಡೆ. ಆದರೆ ಅಪ್ಪನ ತಮಾಷೆ ಮನೆಯಲ್ಲಿ ಉಳಿದುಬಿಟ್ಟಿತು. ನೆಂಟರು ಬಂದರೆ, "ನಮ್ಮ ಸೊಸೆ ಕೈಗೆ ಗಡಿಗಿ ಕೊಡಬ್ಯಾಡ್ರಪ್ಪ" ಎನ್ನುತ್ತಿದ್ದ. ಮಕ್ಕಳು ಕಲಿತರು, ಮೊಮ್ಮಕ್ಕಳೂ ಕಲಿತರು. ಅವಳು ಅವರ ಜೊತೆ ತಾನೂ ನಗುತ್ತಾಳೆ.

ಕೆಲವು ವರ್ಷಗಳ ಮೇಲೆ ಹರಿಹರದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಭಾವನಿಗೆ ನಿಜ ಹೇಳಿದೆ. ಅವರು ನೀರಿಗೊಂದು ಕಲ್ಲು ಎಸೆದರು.

"ಆ ಗಡಿಗಿ ಕೆಡದೆ ಇದ್ದಿದ್ರೆ ನಿಮ್ಮಪ್ಪ ನನ್ನ ನಂಬೋಕೆ ಇನ್ನೊಂದು ದೀಪಾವಳಿ ಬೇಕಾಗ್ತಿತ್ತು. ನನಗೆ ಒಳ್ಳೇದೇ ಮಾಡೀಯ. ಆದ್ರೆ ಇದನ್ನ ನನಗ್ಯಾಕೆ ಹೇಳ್ತೀಯಪ್ಪ?" ಎಂದರು.

ಮುಂದೆ ಅಕ್ಕನಿಗೆ ಹೇಳಿದೆ. ಅಪ್ಪ ಹಾಸಿಗೆ ಹಿಡಿದಾಗ ಅವನಿಗೂ ಹೇಳಿದೆ. ಅವನು ಮಲಗಿದಲ್ಲೇ ನಕ್ಕು, "ಆ ಹುಡುಗಿ ಬಾಯಿ ಬಿಡ್ಲಿಲ್ಲ ನೋಡು" ಎಂದ.

ಮೊನ್ನೆ ಮತ್ತೆ ನೀರು ತುಂಬುವ ಹಬ್ಬ ಬಂತು. ಈಗ ನಮ್ಮ ಮನೆಯಲ್ಲಿ ಮಣ್ಣಿನ ಗಡಿಗೆಗಳಿಲ್ಲ, ಒಂದೆರಡು ಹಿತ್ತಾಳೆ ಕೊಡಗಳಿವೆ. ಪ್ರತಿ ವರ್ಷದಂತೆ ಈ ಸಲವೂ ಅವಳು ಒಂದು ಕೊಡವನ್ನು ಎತ್ತಿಕೊಂಡು ನನ್ನ ಕುರ್ಚಿಯ ಮುಂದೆ ಬಂದು ನಿಂತು, "ಏನ್ರಿ, ಇದನ್ನ ತೊಳೀಲೋ ಬ್ಯಾಡೋ?" ಎಂದು ಕೇಳಿ, ನಾನು ತಲೆ ಎತ್ತಿ ನೋಡುವವರೆಗೂ ಕಾದಳು. ತೊಳಿ ಎಂದೆ. ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ. ಬರೆಯುತ್ತಾ ಬಂದಂತೆ ಎದೆ ಹಗುರಾಗಿದೆ. ಕನ್ನಡಕ ಸಿಗಲಿಲ್ಲ ಎಂಬ ನೆವ ಹೇಳದೆ ಇವತ್ತು ಸಂಜೆ ಇದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಇಷ್ಟು ಜನರಿಗೆ ಹೇಳಿಯೂ, ತಪ್ಪಾಯಿತು ಎಂಬ ಮಾತನ್ನು ನಾನು ಯಾರಿಗೆ ಹೇಳಬೇಕಿತ್ತೋ ಅವಳಿಗೇ ಹೇಳಿಲ್ಲ, ನನ್ನ ಹೆಂಡತಿಗೆ.