ಮುಚ್ಚಿದ ತೊಟ್ಟಿ, ಉದ್ದ ಹಿಡಿಯ ಸೌಟು

ಕಣ್ಣೆದುರೇ ಒಬ್ಬ ನೀರಲ್ಲಿ ಮುಳುಗುತ್ತಿದ್ದರೆ ನೀವು ಏನು ಚಾಚುತ್ತೀರಿ? ಕೈ? ಹಗ್ಗ? ನಾನು ಸೌಟು ಚಾಚಿದೆ.

(ನಗಬಹುದು. ಮುಳುಗಿದವನೇ ನಕ್ಕಾಗಿದೆ.)

ಡೆನ್ಜಿಲ್ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನನ್ನ ಪಕ್ಕದ ಫ್ಲ್ಯಾಟಿನವನು, ಉಡುಪಿ ಕಡೆಯವನು. ಕೆಲಸ ಸೊಳ್ಳೆ ಸರ್ವೆ. ಊರಾಚೆಯ ತೋಟಗಳಿಗೆ ಹೋಗಿ ನಿಂತ ನೀರಿಗೆಲ್ಲ ಉದ್ದ ಹಿಡಿಯ ಬಿಳಿ ಸೌಟು ಅದ್ದಿ ಲಾರ್ವಾ ಎಣಿಸುತ್ತಾನೆ. ನೀರಿನ ಮೇಲೆ ಅಡ್ಡ ಮಲಗಿದ್ದರೆ ಮಲೇರಿಯಾ ಜಾತಿ, ತಲೆಕೆಳಗಾಗಿ ನೇತಾಡುತ್ತಿದ್ದರೆ ಬೇರೆಯದು. ಈ ಕೊಲ್ಲಿ ದೇಶದಲ್ಲಿ ಮಲೇರಿಯಾ ಹರಡುವುದು ನಿಂತು ಎಷ್ಟೋ ವರ್ಷವಾಯಿತು. ಆದರೆ ಸೊಳ್ಳೆ ಹೋಗಿಲ್ಲ, ಜ್ವರ ಹೊತ್ತು ವಿಮಾನ ಇಳಿಯುವವರೂ ನಿಂತಿಲ್ಲ. (ಮಂಗಳೂರಿನ ಕಾಲೇಜು ದಿನಗಳಲ್ಲೇ ಎರಡು ಸಲ ಮಲೇರಿಯಾ ಮುಗಿಸಿಕೊಂಡ ನಾನು ಇದನ್ನು ಹೇಳಬಹುದು.)

ಕಳೆದ ಶನಿವಾರ ನನಗೆ ರಜೆ, ಅವನಿಗೆ ಡ್ಯೂಟಿ. ಬಾ, ತೋಟ ತೋರಿಸುತ್ತೇನೆ ಎಂದ. ಅಲ್ ಐನ್ ರಸ್ತೆಯಿಂದ ಒಳಗೆ, ಖರ್ಜೂರದ ತೋಟ. ನೋಡಿಕೊಳ್ಳುವವನು ಪೇಶಾವರದ ಕರೀಮ್ ಭಾಯ್. ನಮ್ಮನ್ನು ಕಂಡದ್ದೇ ಚಹಾಕ್ಕಿಟ್ಟ.

ಡೆನ್ಜಿಲ್ ಸೌಟನ್ನು ನನ್ನ ಕೈಗೆ ಕೊಟ್ಟು, ಟ್ಯಾಬ್ ನೋಡುತ್ತಾ ನಡೆದ. ಕಳೆದ ತಿಂಗಳು ನೆಲದಡಿಯ ಆಳವಾದ ನೀರಿನ ತೊಟ್ಟಿಯೊಂದರಲ್ಲಿ ಲಾರ್ವಾ ಸಿಕ್ಕಿತ್ತಂತೆ. ಈಗ ತೊಟ್ಟಿಯೇ ಕಾಣುತ್ತಿಲ್ಲ. ಇಲ್ಲೇ ಇತ್ತಲ್ಲ ಎನ್ನುತ್ತಾ ಎರಡು ಹೆಜ್ಜೆ ಇಟ್ಟ.

ಚಟ್ ಎಂದಿತು. ಡೆನ್ಜಿಲ್ ಇಲ್ಲ.

ಕೂಗು ಕೂಡ ಇಲ್ಲ. ಮರಳಿನ ಮೇಲೆ ಟ್ಯಾಬ್, ಪಕ್ಕದಲ್ಲಿ ಕಪ್ಪು ತೂತು, ಒಳಗೆ ನೀರಿನ ಬಡಿತ. ಅವನಿಗೆ ಈಜು ಬಾರದು. (ಕಡಲ ತೀರದವರಿಗೆಲ್ಲ ಬರುತ್ತದೆ ಅಂದುಕೊಂಡಿದ್ದೀರಾ?) ನಾನು ಬಗ್ಗಿ ಸೌಟು ಚಾಚಿದೆ. ಹಿಡಿದ. ಹಿಡಿ ನನ್ನ ಕೈಯಲ್ಲುಳಿಯಿತು, ಬಟ್ಟಲು ಅವನ ಕೈಗೆ ಕಳಚಿ ಬಂತು. ತಲೆ ಮುಳುಗಿತು.

ಓಡಿ ಬಂದ ಕರೀಮ್ ಭಾಯ್ ತಲೆಯ ರುಮಾಲು ಬಿಚ್ಚಿ ಎಸೆದ. ಮೇಲೆದ್ದ ಕೈ ಅದನ್ನು ಹಿಡಿಯಿತು, ಇಬ್ಬರೂ ಎಳೆದೆವು.

ಮೊದಲು ಮಾತಾಡಿದವನು ಕರೀಮ್ ಭಾಯ್. "ಆಪ್ ಹೀ ಬೋಲಾ ಥಾ ನಾ ಸಾಬ್, ಬಂದ್ ಕರೋ."

ನಿಜ. ತೊಟ್ಟಿ ಮುಚ್ಚು, ಒಂದು ಸೊಳ್ಳೆಯೂ ನುಗ್ಗಬಾರದು ಎಂದು ಹೇಳಿ ಹೋದವನು ಡೆನ್ಜಿಲನೇ. ಈತ ಹಳೇ ಪ್ಲೈವುಡ್ ಹಾಸಿ, ಸಂದಿ ಉಳಿಯಬಾರದೆಂದು ಮೇಲೆಲ್ಲ ಮರಳು ಹರಡಿದ್ದ. ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿದ್ದ. ಹಾಗಾದರೆ ತಪ್ಪು ಯಾರದು?

ಒದ್ದೆ ಬಟ್ಟೆಯಲ್ಲೇ ಡೆನ್ಜಿಲ್ ಆ ಬಟ್ಟಲಲ್ಲಿ ನೀರು ಮೊಗೆದು ನೋಡಿದ. ಒಂದೂ ಲಾರ್ವಾ ಇಲ್ಲ. ತೂತಿನ ಸುತ್ತ ಕಲ್ಲಿಡಿಸಿ, ಕಬ್ಬಿಣದ ಮುಚ್ಚಳ ಹಾಕಿಸಲು ಹೇಳಿ, ಟ್ಯಾಬ್ ಎತ್ತಿಕೊಂಡ. ತೊಟ್ಟಿ ಮುಚ್ಚಲಾಗಿತ್ತೇ? ಹೌದು. ಲಾರ್ವಾ? ಇಲ್ಲ. ಹಸಿರು ಟಿಕ್ ಬಂತು. ಮನುಷ್ಯರು ಬಿದ್ದರೇ ಎಂದು ಅದು ಕೇಳುವುದಿಲ್ಲ.

ವಾಪಸು ಬರುವಾಗ ಕಾರು ನಾನು ಓಡಿಸಿದೆ. ಅಲ್ ಐನ್ ರಸ್ತೆ ಹಿಡಿದ ಮೇಲೆ ಡೆನ್ಜಿಲ್ ಕೇಳಿದ. "ಸೌಟು ಎಂತಕ್ಕೆ ಕೊಟ್ಟದ್ದು ಮಾರಾಯ? ಸಾರು ಬಡಿಸ್ಲಿಕ್ಕಾ?"

ಇಬ್ಬರೂ ನಕ್ಕೆವು.

ವಾರವಾಯಿತು. ಕಣ್ಣು ಮುಚ್ಚಿದರೆ ಅದೇ ತೂತು, ಅದೇ ತಲೆ. ಸೌಟು ಕೈಯಲ್ಲಿತ್ತು, ಅದಕ್ಕೇ ಚಾಚಿದೆ ಎಂದು ಹೆಂಡತಿಗೆ ಹೇಳಿದ್ದೇನೆ, ಆಫೀಸಿನಲ್ಲಿ ಹೇಳಿದ್ದೇನೆ, ಈಗ ನಿಮಗೂ ಹೇಳುತ್ತಿದ್ದೇನೆ.

ಕೈ ಖಾಲಿ ಇದ್ದಿದ್ದರೆ, ಕೈಯನ್ನು ಚಾಚುತ್ತಿದ್ದೆನಾ?