ಯಾರನ್ನೂ ಕಾಡದ ಗ್ರಹ

ನನ್ನ ತಂಗಿಯ ಮಗಳು ದೊಡ್ಡ ದೂರದರ್ಶಕದಲ್ಲಿ ಎಳೆಯ ಗ್ರಹಗಳ ಚಿತ್ರ ತೆಗೆಯುವ ತಂಡದಲ್ಲಿದ್ದಾಳೆ. ಬೇರೆ ನಕ್ಷತ್ರಗಳ ಸುತ್ತ ಈಗಷ್ಟೇ ರೂಪುಗೊಳ್ಳುತ್ತಿರುವ ಗ್ರಹಗಳು ಅವು. ಈ ಸಲ ರಜೆಗೆ ಬಂದಾಗ ಖಾನಾಪುರದ ಶಾಲೆಯೊಂದರಲ್ಲಿ ಅವಳು ಮಾತಾಡಬೇಕಿತ್ತು. ಮಕ್ಕಳಿಗೆ ತಿಳಿಯದಿದ್ದರೆ ಎಂಬ ಅಂಜಿಕೆ ಅವಳಿಗೆ. ಬೆಳಗಾವಿಯ ನಮ್ಮ ಮನೆಯಲ್ಲಿ, ಊಟಕ್ಕೆ ಮುಂಚೆ, ಶಾಲಾ ಮಾಸ್ತರನಾಗಿದ್ದ ನಾನೇ ತಾಲೀಮು ಮಾಡಿಸಿದೆ.

"ಎಳೆಯ ಗ್ರಹ" ಎಂದಳೋ ಇಲ್ಲವೋ, ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಯಾವ ರಾಶಿಗೆ ಬಂದೈತವ್ವಾ? ಶಾಂತಿ ಮಾಡಸೂಣೇನು?"

"ಅತ್ತಿ, ಅದು ಯಾರನ್ನೂ ಕಾಡೂದಿಲ್ಲ. ಅದನ್ನ ನೋಡಾಕ ಹೋದ್ರ ನಮ್ಮ ಗಾಳೀನ ನಮ್ಮನ್ನ ಕಾಡತೈತಿ!" ಎಂದು ನಕ್ಕವಳು ಥಟ್ಟನೆ ಯೋಚನೆಗೆ ಬಿದ್ದಳು.

ಮರುದಿನ ನಾನೂ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಶಾಲೆಯಲ್ಲಿ ಅದೇ ಮಾತಿನಿಂದ ಶುರು ಮಾಡಿದಳು. ಮಕ್ಕಳೆಲ್ಲ ನಕ್ಕರು.

"ಗಾಳಿ ಹೆಂಗ ಕಾಡತೈತ್ರಿ, ಅಕ್ಕಾರ?" ಎಂದು ಒಬ್ಬ ಹುಡುಗಿ ಕೇಳಿಯೇಬಿಟ್ಟಳು.

ನಕ್ಷತ್ರದ ಬೆಳಕು ನಮ್ಮ ಗಾಳಿಯಲ್ಲಿ ನಡುಗುತ್ತದೆ, ಚಿತ್ರ ಕದಡುತ್ತದೆ. ದೂರದರ್ಶಕದೊಳಗಿನ ತೆಳು ಕನ್ನಡಿಯೊಂದು ಆ ನಡುಕಕ್ಕೆ ತಕ್ಕಂತೆ ಸೆಕೆಂಡಿಗೆ ನೂರಾರು ಸಲ ಮೈ ಬಾಗಿಸಿ ಚಿತ್ರವನ್ನು ತಿಳಿಗೊಳಿಸುತ್ತದೆ. ಇಷ್ಟನ್ನು ಅವಳು ಅಂಗೈ ಬಾಗಿಸಿ ತೋರಿಸುತ್ತಿದ್ದಂತೆ ಗಂಟೆ ಹೊಡೆಯಿತು. ಮಕ್ಕಳು ಏಳಲಿಲ್ಲ. ಗಂಟೆಗೆ ತಪ್ಪದೆ ಏಳುವ ನಾನೂ ಏಳಲಿಲ್ಲ.